ದೆಹಲಿಯಿಂದ ಟೋಕಿಯೋ ಎಷ್ಟು ದೂರ?

ಎರಡು ಪಟ್ಟಣಗಳ ನಡುವಣ ದೂರವೆಷ್ಟು, ಅದನ್ನು ಕ್ರಮಿಸಲು ಹಿಡಿಯುವ ಕಾಲವೆಷ್ಟು ಎಂಬುದಕ್ಕಿಂತ ಸರಳವಾದ ಪ್ರಶ್ನೆ ಮತ್ತೊಂದಿಲ್ಲವೆಂದು ನಾವು ಬಹುಕಾಲ ನಂಬಿದ್ದೆವು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ದೊರೆಯುವುದು. ಮಾಧ್ಯಮಿಕ ಶಾಲೆಯ ಹುಡುಗನೂ ಮಾಡಬಲ್ಲ ಲೆಕ್ಕ. ಈ ಲೆಕ್ಕದಲ್ಲಿ ಕಾಲೇಜಿನ ಅಧ್ಯಾಪಕರಾದ ನಾವು ಎಡವಿದ ಸಂಗತಿಯಿಂದಲೇ ಇಂದಿನ ಉಪನ್ಯಾಸವನ್ನು ಆರಂಭಿಸಬೇಕಾಗಿದೆ.

ಕೆಲವು ವರ್ಷಗಳ ಕೆಳಗೆ, ಚಳಿಗಾಲದಲ್ಲಿ, ನಾವು ದೆಹಲಿಯಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಅತಿಥಿಗಳಾಗಿದ್ದೆವು. ಅವರು ನಮ್ಮ ಕಡೆಯವರೇ. ಉದ್ಯೋಗದ ನಿಮಿತ್ತ ಉತ್ತರಕ್ಕೆ ಹೋಗಿ ಅಲ್ಲಿಯೇ ನೆಲೆಸಿದವರು. ಆ ಮನೆಯ ಯಜಮಾನಿತಿಗೆ ಇದ್ದಕ್ಕಿದ್ದಂತೆ ಹೃದ್ರೋಗವುಂಟಾಗಿ, ಮರುದಿನ ಸಾಯಂಕಾಲ ನಾಲ್ಕು ಘಂಟೆಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ನಿಶ್ಚಯಿಸಿದರು. ಒಬ್ಬನೇ ಮಗನು ಟೋಕಿಯೋ ನಗರದಲ್ಲಿ ಕೆಲಸದಲ್ಲಿದ್ದನು. "ಬೆಳಗ್ಗೆ ಹನ್ನೊಂದು ಘಂಟೆಯ ವಿಮಾನ ಸಿಕ್ಕಿತು, ಹೊರಟೆ" ಎಂಬಷ್ಟು ಸುದ್ದಿ ಅವನಿಂದ ಬಂದಿತು. ಆ ತಾಯಿಯು ನಮ್ಮನ್ನು ನೋಡಿ, "ಮೇಷ್ಟ್ರೆ, ನನ್ನನ್ನು ಒಳಗೆ ಕರೆದುಕೊಂಡು ಹೋಗೋ ಹೊತ್ತಿಗೆ ಅವನು ಬಂದಿರ್ತಾನೇನು?" ಎಂದು ಕೇಳಿದರು. ವಿಮಾನ ಸಂಸ್ಥೆಯನ್ನು ವಿಚಾರಿಸಿದ್ದರೆ ಒಂದು ನಿಮಿಷದಲ್ಲಿ ತಿಳಿಯಬಹುದಾದ ವಿಷಯ. ಆದರೆ ಮನೆಯಲ್ಲಿಯೇ ಪಂಡಿತರೊಬ್ಬರಿರುವಾಗ ಹೊರಗಿನವರನ್ನು ವಿಚಾರಿಸುವವರು ಯಾರು? ನಾವು ಲಕೋಟೆಯೊಂದರ ಬೆನ್ನಮೇಲೆ ಎರಡು ನಗರಗಳ ಅಕ್ಷಾಂಶ ರೇಖಾಂಶಗಳನ್ನು ಬರೆದು, ಸೂತ್ರವನ್ನು ಹಾಕಿ, ದೂರವು 5,860 ಕಿಲೋಮೀಟರು ಎಂದು ಕಂಡುಹಿಡಿದೆವು. ವಿಮಾನದ ವೇಗವು ಘಂಟೆಗೆ ಸುಮಾರು 900 ಕಿಲೋಮೀಟರು. ಆರೂವರೆ ಘಂಟೆಯ ಹಾದಿ. ಟೋಕಿಯೋದ ಹನ್ನೊಂದು ನಮ್ಮ ಏಳೂವರೆ. ಎರಡು ಘಂಟೆಗೆ ವಿಮಾನವು ಇಳಿಯತಕ್ಕದ್ದು. "ಧಾರಾಳವಾಗಿ ಬಂದಿರುತ್ತಾನೆ" ಎಂದು ಧೈರ್ಯ ಹೇಳಿದೆವು.

ವಿಮಾನವು ಇಳಿದದ್ದು ಐದು ಘಂಟೆಗೆ. ಆ ತಾಯಿಯು ಎರಡು ಘಂಟೆಯಿಂದ ನಾಲ್ಕರವರೆಗೆ ಬಾಗಿಲ ಕಡೆಗೆ ನೋಡುತ್ತಿದ್ದು, ಮಗನನ್ನು ಕಾಣದೆಯೇ ಒಳಗೆ ಹೋದರು. ಸ್ನೇಹಿತರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಮ್ಮ ಗುಣಾಕಾರದಲ್ಲಿಯಾಗಲಿ ಭಾಗಾಕಾರದಲ್ಲಿಯಾಗಲಿ ದೋಷವಿರಲಿಲ್ಲ. ಹಾಗಾದರೆ ಆ ಮೂರು ಘಂಟೆಗಳು ಎಲ್ಲಿ ಅಡಗಿದ್ದವು? ಇದನ್ನು ವಿಚಾರಮಾಡಿದಾಗ ನಮಗೆ ತಿಳಿದುಬಂದುದನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಆ 5,860 ಕಿಲೋಮೀಟರು ಎಂಬ ಅಂಕಿಯನ್ನೇ ನೋಡೋಣ. ಶಾಲೆಯಲ್ಲಿರುವ ಗ್ಲೋಬನ್ನು ತೆಗೆದುಕೊಂಡು ದೆಹಲಿಯ ಮೇಲೆ ದಾರದ ಒಂದು ತುದಿಯನ್ನೂ ಟೋಕಿಯೋದ ಮೇಲೆ ಇನ್ನೊಂದು ತುದಿಯನ್ನೂ ಇಟ್ಟು ಬಿಗಿಯಾಗಿ ಎಳೆಯಿರಿ. ದಾರವು ತಾನಾಗಿಯೇ ಅತ್ಯಂತ ಹ್ರಸ್ವವಾದ ಹಾದಿಯನ್ನು ಹಿಡಿಯುವುದು. ಇದನ್ನೇ ಗಣಿತಜ್ಞರು ಮಹಾವೃತ್ತವೆನ್ನುವರು. ಗೋಡೆಯ ಮೇಲಿನ ಚಪ್ಪಟೆಯಾದ ಭೂಪಟದಲ್ಲಿ ಸರಳರೇಖೆಯನ್ನೆಳೆದರೆ ಅದು ಬೇರೆ ಹಾದಿ. ಸುಮಾರು ನೂರು ಕಿಲೋಮೀಟರು ಹೆಚ್ಚು. ಸೋಜಿಗವೇನೆಂದರೆ, ದೆಹಲಿಯು 28½ ಅಂಶದ ಅಕ್ಷಾಂಶದಲ್ಲಿಯೂ ಟೋಕಿಯೋ 35½ ಅಂಶದಲ್ಲಿಯೂ ಇದ್ದರೂ, ದಾರವು ನಡುವೆ 37 ಅಂಶದವರೆಗೆ ಉತ್ತರಕ್ಕೆ ಬಾಗಿ, ಅನಂತರ ಕೆಳಗಿಳಿದು ಟೋಕಿಯೋವನ್ನು ಸೇರುತ್ತದೆ. ಅಂದರೆ ಉತ್ತರಕ್ಕಿರುವ ಊರನ್ನು ಬೇಗ ತಲಪಬೇಕಾದವನು ಅದಕ್ಕಿಂತಲೂ ಉತ್ತರಕ್ಕೆ ಹೋಗಿ ಹಿಂದಿರುಗಬೇಕು. ಈ ದಾರದ ಕೆಳಗೆ ಬರುವ ಪ್ರದೇಶಗಳನ್ನು ಓದುತ್ತ ಹೋದರೆ, ಕುಮಾವೂನಿನ ಬೆಟ್ಟಗಳು, ಮಾನಸಸರೋವರದ ಸಮೀಪದ ಹಿಮಾಲಯ, ತಿಬೇಟು, ಕೊಕೊನಾರ್ ಸರೋವರದ ದಕ್ಷಿಣದ ಪ್ರಸ್ಥಭೂಮಿ, ಹಳದಿ ನದಿಯ ಸೀಮೆ, ಷಾಂಟುಂಗ್, ಹಳದಿ ಸಮುದ್ರ, ಕೊರಿಯಾದ ನಡುಭಾಗ, ಜಪಾನಿನ ಸಮುದ್ರ ಇವು ಒಂದರ ಹಿಂದೊಂದು ಬರುವುವು.

ಕಾಗದದ ಮೇಲೆ ಇದು ಸೊಗಸಾದ ಹಾದಿ. ಆದರೆ ದೆಹಲಿ ಟೋಕಿಯೋಗಳ ನಡುವೆ ಸಂಚರಿಸುವ ವಿಮಾನಗಳು ಸಾಮಾನ್ಯವಾಗಿ ಈ ಹಾದಿಯನ್ನು ಹಿಡಿಯುವುದಿಲ್ಲ.

ಪರ್ವತಶಿಖರಗಳಿಗೆ ವಿಮಾನವು ತಾಗೀತೆಂಬ ಭಯದಿಂದ ಹೀಗೆ ಮಾಡುವರೆಂದು ಅನೇಕರು ತಿಳಿದಿರುವುದುಂಟು. ಅದು ಸರಿಯಲ್ಲ. ಗೌರೀಶಂಕರವೆಂದು ನಮ್ಮ ಹಿಂದಿನ ಪಾಠಪುಸ್ತಕಗಳು ಹೇಳುತ್ತಿದ್ದ ಎವರೆಸ್ಟಿನ ಎತ್ತರ 8,849 ಮೀಟರು. ವಿಮಾನಗಳು ಹತ್ತು ಹನ್ನೆರಡು ಸಾವಿರ ಮೀಟರು ಎತ್ತರದಲ್ಲಿ ಹಾರುವುವು. ಅಪಾಯವಿರುವುದು ಹಾರುವಾಗಲ್ಲ, ಇಳಿಯಬೇಕಾದಾಗ. ಅಷ್ಟು ಎತ್ತರದಲ್ಲಿ ಮನುಷ್ಯನು ಉಸಿರಾಡುವಷ್ಟು ಗಾಳಿಯಿಲ್ಲ; ಆದುದರಿಂದ ವಿಮಾನದ ಒಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಯಾವ ಕಾರಣದಿಂದಲೋ ಆ ಒತ್ತಡವು ಸೋರಿಹೋಯಿತೆನ್ನಿ. ಆಗ ತಲೆಯ ಮೇಲಿನಿಂದ ಮುಖವಾಡಗಳು ಜಾರಿ ಬಿದ್ದು ಪ್ರಯಾಣಿಕರಿಗೆ ಆಮ್ಲಜನಕವನ್ನು ಒದಗಿಸುವುವು. ಬಹುಪಾಲು ವಿಮಾನಗಳಲ್ಲಿ ಈ ಆಮ್ಲಜನಕವು ಸಾಲುವುದು ಕಾಲು ಘಂಟೆಯ ಆಚೀಚೆಯಷ್ಟು ಹೊತ್ತು ಮಾತ್ರ. ಅಷ್ಟರೊಳಗಾಗಿ ಚಾಲಕನು ಸುಮಾರು 3,000 ಮೀಟರಿನವರೆಗೆ, ಅಂದರೆ ಮುಖವಾಡವಿಲ್ಲದೆ ಉಸಿರಾಡಬಹುದಾದ ಗಾಳಿಯಿರುವಲ್ಲಿಗೆ, ಇಳಿಯಬೇಕು. ಗಂಗೆಯ ಬಯಲಿನ ಮೇಲೆ ಇದು ಸುಲಭ. ತಿಬೇಟಿನಲ್ಲಿಯಾದರೋ ನೆಲವೇ ನಾಲ್ಕು ನಾಲ್ಕೂವರೆ ಸಾವಿರ ಮೀಟರು ಎತ್ತರದಲ್ಲಿದೆ. ಅದರ ಮೇಲೆ ಬೆಟ್ಟಗಳು ಬೇರೆ. ಇಳಿಯಬೇಕಾದ ಎತ್ತರವು ಭೂಮಿಯ ಒಳಗಿರುವುದು! ಒಂದು ಯಂತ್ರವು ಕೆಟ್ಟರೂ ಇದೇ ಕಷ್ಟ. ಉಳಿದ ಯಂತ್ರದ ಬಲದಿಂದ ವಿಮಾನವು ಹಿಂದಿನ ಎತ್ತರವನ್ನು ಉಳಿಸಿಕೊಳ್ಳಲಾರದೆ ಮೆಲ್ಲಮೆಲ್ಲನೆ ಕೆಳಗಿಳಿಯುತ್ತದೆ, ಕೆಳಗೆ ಎಡೆಯಿಲ್ಲ. ಲ್ಹಾಸಾ ನಗರಕ್ಕೆ ವಿಮಾನಗಳು ಹೋಗುತ್ತಿಲ್ಲವೆ ಎಂದು ಕೇಳಬಹುದು. ಹೋಗುತ್ತಿವೆ, ಆದರೆ ಹೆಚ್ಚಿನ ಆಮ್ಲಜನಕವನ್ನು ಹೊತ್ತು, ವಿಪತ್ತಿನಲ್ಲಿ ಎಲ್ಲಿಂದ ಎತ್ತ ತಿರುಗಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗುತ್ತವೆ.

ಆದುದರಿಂದ ದೆಹಲಿಯಿಂದ ಹೊರಟ ವಿಮಾನವು ಬಹುಮಟ್ಟಿಗೆ ಹಿಮಾಲಯವನ್ನು ಎಡಕ್ಕೆ ಬಿಟ್ಟು, ಗಂಗೆಯ ಬಯಲಿನ ಗುಂಟ ಪೂರ್ವಕ್ಕೆ ಸಾಗಿ, ಬಂಗಾಳ ಬರ್ಮಾಗಳನ್ನು ದಾಟಿ, ಚೀನಾದ ನೈರುತ್ಯದಲ್ಲಿರುವ ಕುನ್ಮಿಂಗ್ ನಗರದ ಕಡೆಯಿಂದ ಒಳಹೊಕ್ಕು ಶಾಂಘೈ ದಿಕ್ಕಿಗೆ ಹೋಗುತ್ತದೆ. ಈ ಬಾಗಿಲು ಹೊಸದಲ್ಲ. 1942ರಲ್ಲಿ ಜಪಾನೀಯರು ಬರ್ಮಾದ ರಸ್ತೆಯನ್ನು ಕಡಿದುಹಾಕಿದ ಮೇಲೆ, ಚೀನಾದ ಸೈನ್ಯಕ್ಕೆ ಬೇಕಾದ ಪೆಟ್ರೋಲು ಮದ್ದುಗುಂಡುಗಳನ್ನು ಅಸ್ಸಾಮಿನ ವಿಮಾನನಿಲ್ದಾಣಗಳಿಂದ ಕುನ್ಮಿಂಗಿಗೆ ಹೊತ್ತ ವಿಮಾನಗಳು ಇದೇ ಸಂದಿನಿಂದ ನುಸುಳಿದುವು. ಆ ಚಾಲಕರು ಇದನ್ನು ಗೂನು ಎಂದು ಕರೆಯುತ್ತಿದ್ದರು. 1945ರವರೆಗಿನ ಮೂರು ವರ್ಷಗಳಲ್ಲಿ ಐನೂರಕ್ಕೂ ಹೆಚ್ಚು ವಿಮಾನಗಳು ಆ ಬೆಟ್ಟಗಾಡುಗಳಲ್ಲಿ ಬಿದ್ದು ಹಾಳಾದುವು. ಆ ಅವಶೇಷಗಳ ಮೇಲೆ ಇಂದಿನ ಪ್ರಯಾಣಿಕನು ಬಿಸಿಯೂಟ ಮಾಡುತ್ತ ಹಾದುಹೋಗುತ್ತಾನೆ.

ದೆಹಲಿಯಿಂದ ಢಾಕಾ, ಅಲ್ಲಿಂದ ಕುನ್ಮಿಂಗ್, ಶಾಂಘೈ, ಟೋಕಿಯೋ ಎಂದು ದಾರವನ್ನು ಬಾಗಿಸಿ ಅಳೆದರೆ ದೂರವು ಸುಮಾರು 6,400 ಕಿಲೋಮೀಟರಾಗುತ್ತದೆ. ಐನೂರಕ್ಕೂ ಮಿಕ್ಕ ಕಿಲೋಮೀಟರುಗಳ ಈ ಬಳಸಿಗೆ ಮುಕ್ಕಾಲು ಘಂಟೆಗಿಂತ ತುಸು ಕಡಿಮೆ ಕಾಲ ಹಿಡಿಯುವುದು. ವಿಮಾನವು ನೆಲದ ಮೇಲೆ ಹರಿದಾಡುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು, ಇವಕ್ಕೆ ಅರ್ಧ ಘಂಟೆ ಅಥವಾ ಸ್ವಲ್ಪ ಹೆಚ್ಚು. ಇಷ್ಟರಿಂದ ನಮ್ಮ ತಪ್ಪಿನ ಅರ್ಧ ಮಾತ್ರ ತೀರಿತು. ಉಳಿದರ್ಧವು ಬೇರೆ ಕಡೆಯಲ್ಲಿದೆ, ವಿಷಯದ ಸ್ವಾರಸ್ಯವಿರುವುದೂ ಅಲ್ಲಿಯೇ.

ಹುಡುಗನ ಟಿಕೀಟನ್ನು ಅನಂತರ ನೋಡಿದೆವು. ಹಿಂದಿರುಗುವ ವಿಮಾನವು ದೆಹಲಿಯಿಂದ ರಾತ್ರಿ 8 ಘಂಟೆಗೆ ಹೊರಟು ಟೋಕಿಯೋವನ್ನು ಬೆಳಗ್ಗೆ 7-15ಕ್ಕೆ ಸೇರುವುದೆಂದು ಅದರಲ್ಲಿತ್ತು. ಬರುವಾಗಲೋ, ಹಗಲು 11ಕ್ಕೆ ಹೊರಟು ಸಾಯಂಕಾಲ 5ಕ್ಕೆ ದೆಹಲಿ. ಗಡಿಯಾರವನ್ನು ಮಾತ್ರ ನಂಬುವವನಿಗೆ, ಹೋಗುವಾಗ ಹನ್ನೊಂದೂಕಾಲು ಘಂಟೆ, ಬರುವಾಗ ಆರೇ ಘಂಟೆ ಎಂದು ತೋರುವುದು. ಟೋಕಿಯೋದ ಗಡಿಯಾರವು ನಮ್ಮದಕ್ಕಿಂತ ಮೂರೂವರೆ ಘಂಟೆ ಮುಂದು. ಅದನ್ನು ಹೋಗುವ ಲೆಕ್ಕದಿಂದ ಕಳೆದು ಬರುವ ಲೆಕ್ಕಕ್ಕೆ ಕೂಡಿದರೆ ನಿಜಸ್ಥಿತಿ ಹೊರಬೀಳುತ್ತದೆ: ಹೋಗಲು ಏಳೂಮುಕ್ಕಾಲು ಘಂಟೆ, ಬರಲು ಒಂಬತ್ತೂವರೆ. ಗಡಿಯಾರವು ಯಾವುದನ್ನು ಉದ್ದವೆಂದಿತೋ ಅದೇ ಕಿರಿದು; ಯಾವುದನ್ನು ಕಿರಿದೆಂದಿತೋ ಅದೇ ಉದ್ದ.

ಇಲ್ಲಿ ನಮ್ಮ ವಿದ್ಯಾರ್ಥಿಗಳು ತಪ್ಪದೆ ಎತ್ತುವ ಒಂದು ಆಕ್ಷೇಪವನ್ನು ಹೇಳಬೇಕು. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆಯಷ್ಟೆ; ದೆಹಲಿಯ ಅಕ್ಷಾಂಶದಲ್ಲಿ ನೆಲದ ವೇಗವು ಘಂಟೆಗೆ 1,400 ಕಿಲೋಮೀಟರನ್ನು ಮೀರಿದೆ. ಹಾಗಿರುವಾಗ ಟೋಕಿಯೋದ ಮೇಲೆ ಎದ್ದು ಸುಮ್ಮನೆ ನಿಂತರೂ ದೆಹಲಿಯೇ ನಮ್ಮ ಕಾಲಡಿಗೆ ಬಂದೊದಗಬೇಡವೆ? ಪಶ್ಚಿಮದ ಪ್ರಯಾಣವೇ ಬೇಗನೆ ಆಗಬೇಡವೆ? ರೈಲುಬಂಡಿಯಲ್ಲಿ ಕುಳಿತು ಕಿತ್ತಳೆಹಣ್ಣನ್ನು ಮೇಲಕ್ಕೆಸೆದು ಹಿಡಿಯುವ ಮಗುವೇ ಇದಕ್ಕೆ ಸಮಾಧಾನ ಹೇಳೀತು. ಹಣ್ಣು ಹಿಂದಿನ ಬೆಂಚಿನವನ ಮಡಿಲಿಗೆ ಬೀಳುವುದಿಲ್ಲ; ಬಂಡಿಯೊಡನೆ ಅದೂ ಓಡುತ್ತಿರುವುದು. ಹಾಗೆಯೇ ವಾಯುಮಂಡಲವೂ ಭೂಮಿಯೊಡನೆ ತಿರುಗುತ್ತಿದೆ, ವಿಮಾನವು ಆ ವಾಯುವಿನಲ್ಲಿ ಈಜುತ್ತಿದೆ.

ಆದರೆ ಭೂಭ್ರಮಣಕ್ಕೆ ಇಲ್ಲಿ ಪಾತ್ರವೇ ಇಲ್ಲವೆಂದಲ್ಲ. ಸಮಭಾಜಕವೃತ್ತದ ಬಳಿಯ ಗಾಳಿಯು ಕಾದು ಮೇಲೆದ್ದು ಧ್ರುವಗಳ ಕಡೆಗೆ ಹರಿಯುತ್ತದೆ. ಸಮಭಾಜಕದಲ್ಲಿ ನೆಲದೊಡನೆ ಅದಕ್ಕೆ ಬಂದಿದ್ದ ಪೂರ್ವದಿಕ್ಕಿನ ವೇಗವು ಬಹಳ. ಉತ್ತರಕ್ಕೆ ಸರಿದಂತೆಲ್ಲ ಕೆಳಗಿನ ನೆಲದ ವೇಗ ಕಡಿಮೆ. ಆದಕಾರಣ ಆ ಗಾಳಿಯು ನೆಲವನ್ನು ಹಿಂದೆ ಹಾಕಿ ಪೂರ್ವಕ್ಕೆ ಧಾವಿಸುತ್ತದೆ. ಉಷ್ಣವಾದ ದಕ್ಷಿಣದ ಗಾಳಿಗೂ ಶೀತಲವಾದ ಉತ್ತರದ ಗಾಳಿಗೂ ಇರುವ ತಾಪದ ಅಂತರವು ಇದಕ್ಕೆ ಮತ್ತಷ್ಟು ಬಲವನ್ನು ಕೂಡಿಸುವುದು. ಹೀಗೆ ಹತ್ತು ಹನ್ನೆರಡು ಸಾವಿರ ಮೀಟರಿನ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ, ದಡವಿಲ್ಲದ ನದಿಯೊಂದು ಹರಿಯುತ್ತಿದೆ. ಜೆಟ್ ಪ್ರವಾಹವೆಂಬುದು ಇದಕ್ಕೆ ರೂಢಿಯ ಹೆಸರು. ಚಳಿಗಾಲದಲ್ಲಿ ಇದರ ಒಂದು ಕವಲು ಹಿಮಾಲಯದ ದಕ್ಷಿಣದ ಅಂಚಿನಲ್ಲಿಯೂ ಇನ್ನೊಂದು ತಿಬೇಟಿನ ಉತ್ತರದಲ್ಲಿಯೂ ಹರಿದು, ಪೂರ್ವ ಚೀನಾ ಜಪಾನುಗಳ ಮೇಲೆ ಒಂದಾಗುವುವು. ಆ ಸಂಗಮದ ಮೇಲೆ ಘಂಟೆಗೆ 300 ಕಿಲೋಮೀಟರನ್ನು ಮೀರುವ ಗಾಳಿ ಅಪೂರ್ವವಲ್ಲ. ಪಶ್ಚಿಮಕ್ಕೆ ಬರುವವನಿಗೆ ಸಹಾಯವೆಂದು ನಮ್ಮ ವಿದ್ಯಾರ್ಥಿಗಳು ಎಣಿಸಿದ ಭೂಭ್ರಮಣವು ಕೊನೆಗೆ ಅವನಿಗೇ ಎದುರಾಗಿ ನಿಲ್ಲುವುದು.

ಈ ನದಿಯನ್ನು ಮೊದಲು ಕ್ರಮವಾಗಿ ಅಳೆದವರಲ್ಲಿ ಒಬ್ಬನು ಟೋಕಿಯೋದ ಈಶಾನ್ಯಕ್ಕಿರುವ ಟಾಟೆನೋ ಎಂಬಲ್ಲಿನ ವೀಕ್ಷಣಾಲಯದ ಮುಖ್ಯನಾಗಿದ್ದ ಓಯಿಶಿ ವಾಸಾಬುರೋ. ಸಣ್ಣ ಬೆಲೂನುಗಳನ್ನು ಹಾರಿಬಿಟ್ಟು ದುರ್ಬೀನಿನಿಂದ ಅವುಗಳ ಜಾಡನ್ನು ಹಿಡಿಯುತ್ತ, 1924ರ ಡಿಸೆಂಬರಿನಲ್ಲಿ, ಒಂಬತ್ತು ಸಾವಿರ ಮೀಟರಿನ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 70 ಮೀಟರಿನ ಗಾಳಿಯನ್ನು ಅವನು ಕಂಡನು. ತನ್ನ ಅಳತೆಗಳನ್ನು ಜಗತ್ತೆಲ್ಲವೂ ಓದಲೆಂದು, ಆ ಪುಣ್ಯಾತ್ಮನು 1926ರಲ್ಲಿ ಅವುಗಳನ್ನು ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದನು. ಎಲ್ಲ ದೇಶಗಳಿಗೂ ಸಮಾನವಾಗಿರಲೆಂದು ಕಲ್ಪಿಸಿದ ಭಾಷೆಯದು. ಹೊರನಾಡಿನಲ್ಲಿ ಅದನ್ನು ಓದಿದವರು ಅತ್ಯಲ್ಪ. ಇಂಗ್ಲೀಷಿನಲ್ಲಿ ಕಲಿತು ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಓಯಿಶಿಯನ್ನು ನೆನೆದಾಗ ನಗು ಬರುವುದಿಲ್ಲ.

ಹೊರಗಿನವರು ಆ ಗಾಳಿಯ ಬಲವನ್ನು ಅರಿತದ್ದು ಘೋರವಾದ ರೀತಿಯಲ್ಲಿ. 1944ರ ನವೆಂಬರು 24ರಂದು ಮರಿಯಾನಾ ದ್ವೀಪಗಳಿಂದ ಟೋಕಿಯೋ ಮೇಲೆ ಬಂದ ಅಮೆರಿಕದ ಬಾಂಬು ವಿಮಾನಗಳು ಈ ಪ್ರವಾಹದಲ್ಲಿ ಸಿಕ್ಕಿ, ನೆಲದ ಮೇಲಿನ ಲೆಕ್ಕಕ್ಕೆ ಘಂಟೆಗೆ 700 ಕಿಲೋಮೀಟರಿನ ವೇಗದಿಂದ ಗುರಿಯನ್ನು ದಾಟಿಹೋದುವು. ಕಾರ್ಖಾನೆಗೆಂದು ಎಸೆದ ಬಾಂಬುಗಳಲ್ಲಿ ಕಾರ್ಖಾನೆಗೆ ಬಿದ್ದುವು ಕೆಲವೇ. ಎತ್ತರದಿಂದ ಗುರಿಯಿಡುವುದನ್ನು ಬಿಟ್ಟು, ರಾತ್ರಿಯಲ್ಲಿ ತಗ್ಗಾಗಿ ಹಾರಿ ಊರಿಗೇ ಬೆಂಕಿಯಿಡುವ ಕ್ರಮವನ್ನು ಅವರು ಕೈಕೊಂಡುದಕ್ಕೆ ಈ ಗಾಳಿಯೂ ಒಂದು ಕಾರಣವಾಯಿತು. 1945ರ ಮಾರ್ಚಿ 9-10ರ ಒಂದೇ ರಾತ್ರಿಯಲ್ಲಿ ಟೋಕಿಯೋದಲ್ಲಿ ಸತ್ತವರು ಒಂದು ಲಕ್ಷದಷ್ಟು. ಜಪಾನೀಯರಾದರೂ ಅದೇ ಗಾಳಿಯಲ್ಲಿ ಬಾಂಬು ಕಟ್ಟಿದ ಒಂಬತ್ತು ಸಾವಿರಕ್ಕೂ ಹೆಚ್ಚು ಬೆಲೂನುಗಳನ್ನು ಶಾಂತಸಾಗರದಾಚೆಗೆ ತೇಲಿಬಿಟ್ಟರು. ಅವುಗಳಲ್ಲೊಂದು 1945ರ ಮೇ ತಿಂಗಳಿನಲ್ಲಿ ಆರೆಗನ್ ಪ್ರಾಂತದ ಕಾಡಿನಲ್ಲಿ ವಿಹಾರಕ್ಕೆ ಹೋಗಿದ್ದ ಒಬ್ಬ ಗರ್ಭಿಣಿಯನ್ನೂ ಐವರು ಮಕ್ಕಳನ್ನೂ ಕೊಂದಿತು.

ಈಗ ಗಾಳಿಯನ್ನು ನಮ್ಮ ಲೆಕ್ಕಕ್ಕೆ ಸೇರಿಸೋಣ. ದೂರವು 6,400 ಕಿಲೋಮೀಟರು, ಗಾಳಿಯಲ್ಲಿ ವಿಮಾನದ ವೇಗವು 900 ಎಂದಿರಲಿ. ಗಾಳಿಯು ನಿಶ್ಚಲವಾಗಿದ್ದರೆ ಎರಡು ಕಡೆಗೂ 7 ಘಂಟೆ 7 ನಿಮಿಷ. ದಾರಿಯುದ್ದಕ್ಕೂ ಸರಾಸರಿ 150 ಕಿಲೋಮೀಟರಿನ ಪಶ್ಚಿಮದ ಗಾಳಿ ಬೀಸುತ್ತಿದ್ದರೆ, ಹೋಗುವ ವೇಗವು 1,050, ಕಾಲವು 6 ಘಂಟೆ 6 ನಿಮಿಷ. ಬರುವ ವೇಗವು 750, ಕಾಲವು 8 ಘಂಟೆ 32 ನಿಮಿಷ. ಇಲ್ಲೊಂದು ವಿಷಯವನ್ನು ಗಮನಿಸಿರಿ. ಹೋಗುವಾಗ ಉಳಿದದ್ದು 61 ನಿಮಿಷ, ಬರುವಾಗ ಕಳೆದುಕೊಂಡದ್ದು 85. ಗಾಳಿಯು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಬಡ್ಡಿಸಹಿತ ವಸೂಲು ಮಾಡುತ್ತದೆ. ಇದಕ್ಕೆ ಕಾರಣವು ಗೂಢವಾದುದೇನೂ ಅಲ್ಲ: ಅನುಕೂಲವಾದ ಗಾಳಿಯಲ್ಲಿ ವಿಮಾನವು ಕಡಿಮೆ ಹೊತ್ತಿರುವುದು, ಪ್ರತಿಕೂಲವಾದ ಗಾಳಿಯಲ್ಲಿ ಹೆಚ್ಚು ಹೊತ್ತು. ಹೊಳೆಯಲ್ಲಿ ಹರಿಗೋಲು ಹಾಕುವ ಅಂಬಿಗನಿಗೆ ಇದು ಲೆಕ್ಕವಿಲ್ಲದೆಯೇ ಗೊತ್ತು.

ಹುಡುಗನು ಬಂದದ್ದು ಚಳಿಗಾಲದಲ್ಲಿ, ಪ್ರವಾಹವು ಅತಿ ಪ್ರಬಲವಾಗಿರುವಾಗ. ಬೇಸಗೆ ಕಳೆದು ಮುಂಗಾರು ಹತ್ತಿದ ಮೇಲೆ ಆ ಗಾಳಿಯು ಕ್ಷೀಣಿಸಿ ತಿಬೇಟಿನ ಉತ್ತರಕ್ಕೆ ಸರಿಯುವುದು. ಹೋಗುಬರುವ ಕಾಲಗಳ ಅಂತರವೂ ತಗ್ಗುವುದು. ಆಗ ನಮ್ಮ ದಕ್ಷಿಣ ದೇಶದ ಮೇಲೆ, ವಿಮಾನಗಳ ಹಾದಿಗಿಂತಲೂ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ವಿರುದ್ಧವಾದ ಒಂದು ಪ್ರವಾಹವು ಏಳುತ್ತದೆ. ಇದನ್ನು 1950ರ ದಶಕದಲ್ಲಿ ಜಗತ್ತಿಗೆ ವಿವರಿಸಿದವರು ಭಾರತದ ಹವಾಶಾಸ್ತ್ರಜ್ಞರಾದ ಪಿ. ಕೋಟೇಶ್ವರಂ ಅವರು, ಮುಂಗಾರಿನ ಅಧ್ಯಯನದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಅದರ ಕಥೆ ಬೇರೊಂದು ಉಪನ್ಯಾಸಕ್ಕೆ ತಕ್ಕದ್ದು.

ಈ ಒಂದು ಒಂದೂವರೆ ಘಂಟೆಗಾಗಿ ಇಷ್ಟು ಚರ್ಚೆಯೇ ಎನ್ನುವವರಿಗೆ ಹಳೆಯ ಪ್ರಯಾಣಗಳನ್ನು ಜ್ಞಾಪಿಸಬಹುದು. ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋದದ್ದು ಹಡಗಿನಲ್ಲಿ. ಕವಿ ರವೀಂದ್ರರು 1916ರ ಮೇ ತಿಂಗಳಿನ ಆದಿಯಲ್ಲಿ ಕಲ್ಕತ್ತೆಯಲ್ಲಿ ಹಡಗು ಹತ್ತಿ ಕೋಬೆಯಲ್ಲಿ ಇಳಿದದ್ದು ಆ ತಿಂಗಳಿನ ಕೊನೆಯಲ್ಲಿ. 1937ರ ಏಪ್ರಿಲಿನಲ್ಲಿ 'ಕಾಮಿಕಾಜೆ' ಎಂಬ ಹೆಸರಿನ ಜಪಾನೀ ವಿಮಾನವೊಂದು ಹಾನಾಯ್, ಕಲ್ಕತ್ತೆ, ಕರಾಚಿಗಳ ಮೂಲಕ ಟೋಕಿಯೋ ಸಮೀಪದಿಂದ ಲಂಡನ್ನಿಗೆ 94 ಘಂಟೆಗಳಲ್ಲಿ ಹೋದುದು ಲೋಕಕ್ಕೆಲ್ಲ ಸುದ್ದಿಯಾಯಿತು. ಆ ದಿನಗಳಲ್ಲಿ ಯಾರೂ ತಾಯಿಗೆ ಎರಡು ಘಂಟೆಗೆ ಮಗ ಬರುವನೆಂದು ಮಾತು ಕೊಡುತ್ತಿರಲಿಲ್ಲ. ಬರುವನೆಂದೇ ಕೊಡುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯು ಸುಸೂತ್ರವಾಗಿ ನಡೆಯಿತು. ಆ ತಾಯಿಯು ಮರುದಿನ ಕಣ್ಣು ತೆರೆದಾಗ ಮಗನು ಪಕ್ಕದಲ್ಲಿದ್ದನು. ಮೂರು ವಾರಗಳ ಮೇಲೆ ಅವನು ಹಿಂದಿರುಗುವ ರಾತ್ರಿ ನಾವೂ ಆ ಮನೆಗೆ ಹೋಗಿದ್ದೆವು. ಅವನನ್ನು ಬಾಗಿಲವರೆಗೆ ಬೀಳ್ಕೊಟ್ಟು ಬಂದು ಕುಳಿತು, ಆಕೆ, "ಮೇಷ್ಟ್ರೆ, ಈ ಸಲ ಎಷ್ಟು ಹೊತ್ತು ಅಂತೀರಿ?" ಎಂದರು, ಧ್ವನಿಯಲ್ಲಿ ಸ್ವಲ್ಪ ತುಂಟತನವಿತ್ತು. ನಾವು ಲಕೋಟೆಯನ್ನು ಮುಟ್ಟಲಿಲ್ಲ. ಗಾಳಿ ಅನುಕೂಲವಾಗಿದೆ, ಏಳೂವರೆಯಿಂದ ಎಂಟು ಘಂಟೆ ಹಿಡಿಯಬಹುದು, ಬೆಳಗಿನ ಜಾವ ನಾಲ್ಕರ ಮೇಲೆ ದೂರವಾಣಿಯನ್ನು ಎದುರುನೋಡಿರಿ ಎಂದೆವು. ಸ್ನೇಹಿತರು ಮಾತಾಡದೆ ಎದ್ದುಹೋಗಿ ವಿಮಾನ ಸಂಸ್ಥೆಯನ್ನು ಕೇಳಿಕೊಂಡು ಬಂದರು.